ಸ್ಲ್ಯಾಬಿನ ಊಟ

ಸರಕಾರಿ ಕಾಗದದ ಪ್ರಕಾರ ನಾನು ಹನ್ನೊಂದು ಕಟ್ಟಡ ಕಟ್ಟಿದ್ದೇನೆ. ಶಾಲಾ ಕೋಣೆಗಳು, ಅಂಗನವಾಡಿಗಳು, ಎರಡು ಸಮುದಾಯ ಭವನ, ಒಂದು ಪಶು ಆಸ್ಪತ್ರೆ. ಅವುಗಳಲ್ಲಿ ಒಂದನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದ್ದು ಅದರ ಛತ್ತಿನ ಗಿಲಾವು ಉದುರಿ ಬಿದ್ದ ಮೇಲೆ.

ಹೇಗೆ ಎಂದು ಹೇಳುವ ಮೊದಲು ಅಪ್ಪನ ವಿಷಯ ಹೇಳಬೇಕು. ಅಪ್ಪ ಗೌಂಡಿ. ಕರಣಿ ಹಿಡಿದು ಮೂವತ್ತೆಂಟು ವರ್ಷ ಕಲಬುರಗಿಯ ತುಂಬ ಗೋಡೆ ಎಬ್ಬಿಸಿದವನು. ಗಾಜಿಪುರದ ನಮ್ಮ ಎರಡು ಕೋಣೆಯ ಮನೆ ಬಿಟ್ಟರೆ ಆ ಗೋಡೆಗಳೆಲ್ಲ ಬೇರೆಯವರವು. ಅವನಿಗೆ ದೀಪಾವಳಿ, ಯುಗಾದಿಗಿಂತ ದೊಡ್ಡ ಹಬ್ಬ ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ, ಹೀಗಾಗಿ ಬೆಳಿಗ್ಗೆ ಶುರು ಮಾಡಿದರೆ ಕೊನೆಯ ಬುಟ್ಟಿ ಮೇಲೆ ಹೋಗುವತನಕ ಯಾರೂ ಕೂಡುವುದಿಲ್ಲ. ಆಮೇಲೆ ಊಟ. ಗೋಧಿ ಹುಗ್ಗಿ, ತುಪ್ಪ, ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಅದನ್ನು ಹಾಕಿಸುವುದು ಕಟ್ಟಿಸುವವರ ಜವಾಬ್ದಾರಿ. ಅದಕ್ಕೊಂದು ರಿವಾಜೂ ಇದೆ: ಮೊದಲ ಪಂಕ್ತಿ ಕೆಲಸದವರದು, ಕಟ್ಟಿಸುವವರು ಮತ್ತು ಅವರ ಮನೆಯವರು ಕಡೆಯ ಪಂಕ್ತಿ. ಎಂಥ ಶ್ರೀಮಂತನಾದರೂ ಆ ಒಂದು ದಿನ ಗೌಂಡಿ ಉಂಡು ಕೈ ತೊಳೆಯುವತನಕ ಕಾಯಬೇಕು. ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಆ ದಿನಗಳಲ್ಲಿ ನಮಗೂ ಡಬ್ಬಿಯಲ್ಲಿ ಹುಗ್ಗಿ ಬರುತ್ತಿತ್ತು.

ಅವನಿಗೆ ಹೆಚ್ಚಾಗಿ ಕೆಲಸ ಕೊಟ್ಟ ಗುತ್ತಿಗೆದಾರರನ್ನು ಎಲ್ಲರೂ ಸಾವುಕಾರ್ರು ಎನ್ನುತ್ತಿದ್ದರು. ನೆಹರು ಗಂಜ್ ಮಾರುಕಟ್ಟೆಯಲ್ಲಿ ಅವರ ತಂದೆಯ ಕಾಲದ ತೊಗರಿ ಅಡತಿ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಇವರ ಆಫೀಸು. ಕೆಟ್ಟ ಮನುಷ್ಯರಲ್ಲ. ಅಪ್ಪ ಕಟ್ಟಿಗೆಯ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಆಸ್ಪತ್ರೆಗೆ ತಾವೇ ಕರೆದೊಯ್ದವರು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿದ ವರ್ಷ ಅವರೇ ಅಪ್ಪನನ್ನು ಕರೆಸಿ ಹೇಳಿದರು.

“ನಿಮ್ಮ ಹುಡುಗಿ ಹೆಸರ್ಲೆ ಒಂದು ಲೈಸೆನ್ಸ್ ಮಾಡಸು. ಸರಕಾರ ನಿಮ್ಮವರಿಗೆ ಅಂತ ಕೆಲಸ ಬ್ಯಾರೆ ತಗದಿಟ್ಟದ. ಸುಮ್ಮ ಯಾಕ ಬಿಡಬೇಕು?”

ಮಾತು ಸುಳ್ಳಲ್ಲ. ಸಣ್ಣ ಕಾಮಗಾರಿಗಳಲ್ಲಿ ಒಂದು ಪಾಲನ್ನು ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಿಡಬೇಕೆಂದು ಕಾನೂನಿದೆ. ಅಂಥ ಟೆಂಡರಿಗೆ ಬೇರೆಯವರು ಕೈ ಹಾಕುವಂತಿಲ್ಲ. ತಲೆಮಾರುಗಳಿಂದ ಗೋಡೆ ಕಟ್ಟುತ್ತ ಬಂದು, ಗುತ್ತಿಗೆ ಹಿಡಿಯುವ ತಾಕತ್ತು ಮಾತ್ರ ಇಲ್ಲದ ಮನೆಗಳಿಗೆ ಅನುಕೂಲವಾಗಲಿ ಎಂಬುದು ಉದ್ದೇಶ. ನಮ್ಮದು ಅಳತೆ ಕೊಟ್ಟು ಹೊಲಿಸಿದಂತೆ ಅಂಥದ್ದೇ ಮನೆ. ಜಾತಿ ಪ್ರಮಾಣಪತ್ರ, ಡಿಪ್ಲೊಮಾ, ಎರಡು ಫೋಟೊ ಕೊಟ್ಟೆ. ನಾಲ್ಕನೇ ದರ್ಜೆಯ ಗುತ್ತಿಗೆದಾರಳಾದೆ. ಫೀಸು ಕಟ್ಟಿದ್ದು ಸಾವುಕಾರ್ರು.

ಈಗ ಟೆಂಡರೆಲ್ಲ ಕಂಪ್ಯೂಟರಿನಲ್ಲೇ. ಹಾಕುವವರ ಸಹಿ ಪೆನ್‌ಡ್ರೈವಿನಂಥ ಒಂದು ಕೀಲಿಯೊಳಗೆ ಇರುತ್ತದೆ. ಕೀಲಿ ಯಾರ ಕೈಯಲ್ಲಿದೆಯೋ ಆ ಹೊತ್ತಿಗೆ ಅವರೇ ಆ ಹೆಸರಿನ ಮನುಷ್ಯ. ಸಾವುಕಾರ್ರ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಇಂಥ ಏಳೆಂಟು ಕೀಲಿಗಳಿದ್ದವು, ಗುರುತಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಕೆಂಪು ದಾರದ್ದು ಅವರ ಕಾರಿನ ಡ್ರೈವರನದು. ಹಳದಿಯದು ಗೋದಾಮಿನ ವಾಚ್‌ಮನ್ನನ ತಮ್ಮನದು. ಹಸಿರು ನನ್ನದು. ಅವರೆಲ್ಲರಲ್ಲಿ ಕಾಂಕ್ರೀಟಿಗೆ ಎಷ್ಟು ನೀರು ಬೇಕೆಂದು ಓದಿ ಪಾಸಾದವಳು ನಾನೊಬ್ಬಳೇ. ಆ ವಿದ್ಯೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ಅವರು ಹಿಡಿಯುತ್ತಿದ್ದರು, ಅವರ ಜನ ಮಾಡುತ್ತಿದ್ದರು. ಬಿಲ್ಲಿಗೆ ಸಹಿ ಬೇಕಾದಾಗ ನನಗೆ ಫೋನು. ಗಂಜಿನ ಮಹಡಿ ಹತ್ತಿ, ತೋರಿಸಿದಲ್ಲಿ ಸಹಿ ಮಾಡಿ, ಚಹಾ ಕುಡಿದು ಬರುತ್ತಿದ್ದೆ. ಅದಕ್ಕೆ ನನಗೊಂದು ಪಾಲು. ಅದನ್ನು ನಾನು ಮನಸ್ಸಿನಲ್ಲೇ ಹೆಸರಿನ ಬಾಡಿಗೆ ಎಂದು ಕರೆದುಕೊಳ್ಳುತ್ತಿದ್ದೆ. ಆ ಬಾಡಿಗೆಯಲ್ಲಿ ಕಂಪ್ಯೂಟರ್ ಕೊಂಡು, ಮನೆಯ ಮುಂದಿನ ಕೋಣೆಯಲ್ಲಿ ಜನರಿಗೆ ಮನೆ ನಕಾಶೆ ತೆಗೆದುಕೊಡುವ ಅಂಗಡಿ ಹಾಕಿದೆ. ದೇವರಕೋಣೆ ಈಶಾನ್ಯಕ್ಕೇ ಬರಬೇಕು, ಪಾಯಖಾನೆ ಯಾರ ಕಣ್ಣಿಗೂ ಬೀಳಬಾರದು, ಅದೂ ಇಪ್ಪತ್ತು ಫೂಟಿನ ಪ್ಲಾಟಿನಲ್ಲಿ. ದಿನ ಹೋಗುವುದಕ್ಕೆ ಅಷ್ಟು ಸಾಕಿತ್ತು. ಮೋಸಹೋದ ಬಡವಿ ಎಂದು ಯಾರಾದರೂ ನನ್ನ ಬಗ್ಗೆ ಮರುಗಿದರೆ ಅದು ತಪ್ಪು. ನಾನು ತಿಳಿದೇ ಕೊಟ್ಟಿದ್ದೆ.

ತಿಳಿಯದೆ ಇದ್ದವನು ಅಪ್ಪ ಒಬ್ಬನೇ. ಸಾವುಕಾರ್ರು ದೊಡ್ಡ ಕೆಲಸ ನೋಡುತ್ತಾರೆ, ಸಣ್ಣವನ್ನು ನಾನು ಮಾಡಿಸುತ್ತೇನೆ ಎಂದು ಅವನಿಗೆ ಹೇಳಿದ್ದೆ. ಸೊಂಟ ಮುರಿದ ಮೇಲೆ ಅವನು ಕಟ್ಟೆಯ ಮೇಲೆ ಕೂತೇ ದಿನ ಕಳೆಯುತ್ತಿದ್ದ. ಓಣಿಯಲ್ಲಿ ಹಾಯ್ದುಹೋಗುವವರನ್ನು ನಿಲ್ಲಿಸಿ, “ನಮ್ಮ ಹುಡುಗಿ ಸಾಲಿ ಕಟ್ಟಸ್ತಾಳ್ರೀ” ಎನ್ನುತ್ತಿದ್ದ. ಕೇಳಿದವರು ಹೌದೇನ್ರೀ ಎಂದು ಹೋಗುತ್ತಿದ್ದರು. ಒಳಗೆ ಕೂತು ನಕಾಶೆಯ ಗೆರೆ ಎಳೆಯುತ್ತಿದ್ದ ನನಗೆ ಅದು ಕೇಳಿಸುತ್ತಿತ್ತು.

ಅವನದು ಒಂದೇ ತಕರಾರು. “ಸ್ಲ್ಯಾಬಿನ ಊಟಕ್ಕ ನನ್ನ ಯಾಕ ಕರಿಲಿಲ್ಲ?” ಎಂದು ಪ್ರತಿಸಲ ಕೇಳುತ್ತಿದ್ದ. ದೂರ ಇತ್ತು ಅಪ್ಪಾ, ಬಿಸಿಲಿತ್ತು ಅಪ್ಪಾ, ಜೀಪಿನಲ್ಲಿ ಜಾಗ ಇರಲಿಲ್ಲ ಅಪ್ಪಾ. ಹನ್ನೊಂದು ಕಟ್ಟಡಕ್ಕೆ ಹನ್ನೊಂದು ನೆಪ ಹೇಳಿದ್ದೇನೆ. ಕಟ್ಟಡಕ್ಕಿಂತ ಅವೇ ಗಟ್ಟಿಯಾಗಿದ್ದವು ಎಂದು ಆಮೇಲೆ ಗೊತ್ತಾಯಿತು.

ದಸರಾ ರಜೆಗೆ ಕೆಲವೇ ದಿನ ಮುಂಚೆ ನನ್ನ ಹೆಸರಿಗೆ ರಿಜಿಸ್ಟರ್ ಟಪಾಲು ಬಂತು. ಕಮಲಾಪುರದ ಶಾಲೆಯಲ್ಲಿ ನಾನು ಕಟ್ಟಿದ ಕೋಣೆಯ ಛತ್ತಿನಿಂದ ಗಿಲಾವು, ಅದರ ಜೊತೆ ಒಂದಿಷ್ಟು ಕಾಂಕ್ರೀಟು ಉದುರಿದೆ. ಕಟ್ಟಡ ಇನ್ನೂ ಗುತ್ತಿಗೆದಾರರ ಹೊಣೆಯ ಅವಧಿಯಲ್ಲೇ ಇದೆ. ಹದಿನೈದು ದಿನದೊಳಗೆ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡದಿದ್ದರೆ ಲೈಸೆನ್ಸು ರದ್ದು, ಹೆಸರು ಕಪ್ಪುಪಟ್ಟಿಗೆ. ಹೆಸರಿನ ಕೆಳಗೆ ಗೆರೆ ಎಳೆದಿದ್ದರು.

ಕಾಗದ ಹಿಡಿದು ಗಂಜಿಗೆ ಹೋದೆ. ಸಾವುಕಾರ್ರು ಕನ್ನಡಕ ಏರಿಸಿ ಪೂರ್ತಿ ಓದಿದರು.

“ಇದಕ್ಯಾಕ ಇಷ್ಟ ತಲಿ ಕೆಡಸ್ಕೊಂಡಿ, ತಂಗಿ?” ಎಂದರು. “ಆಗಲಿ ಬಿಡು ರದ್ದು. ನಿಮ್ಮ ತಮ್ಮನ ಹೆಂಡ್ತಿ ಪಿಯುಸಿ ಓದ್ಯಾಳಲ? ಆಕಿ ಹೆಸರ್ಲೆ ಹೊಸಾದು ಮಾಡಸೋಣು. ನಿನ್ನ ಪಾಲು ನಿನಗ ಬರ್ತದ.”

“ಮತ್ತ ಸಾಲಿದು?”

“ಇಲಾಖೆದವರು ನೋಡ್ಕೋತಾರ. ಹಿಂತಾದಕ್ಕೆಲ್ಲ ಕೂತರ ಧಂದೆ ಹ್ಯಾಂಗ ಮಾಡೋದು?”

ಅವರು ಬಯ್ದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಸಮಾಧಾನದಿಂದ, ಪ್ರೀತಿಯಿಂದಲೇ ಹೇಳಿದರು. ಪೆನ್ನಿನ ಕಡ್ಡಿ ತೀರಿದರೆ ಬೇರೆ ಹಾಕಿದಂತೆ. ಸಿಟ್ಟು ಅವರ ಮೇಲೆ ಎಂದುಕೊಂಡೇ ಮನೆಗೆ ಬಂದೆ. ಅದರಲ್ಲಿ ಅವರ ಪಾಲು ಅರ್ಧವೂ ಇರಲಿಲ್ಲ.

ಅಪ್ಪ ಕಟ್ಟೆಯ ಮೇಲೆಯೇ ಇದ್ದ. ಟಪಾಲಿಗೆ ಸಹಿ ಹಾಕಿ ತೆಗೆದುಕೊಂಡವನೂ ಅವನೇ.

“ಏನ ಬರದಾರ?”

“ಕಮಲಾಪುರ ಸಾಲ್ಯಾಗ ಛತ್ತಿನ ಗಿಲಾವು ಬಿದ್ದದ ಅಂತ.”

“ಯಾರ ಮ್ಯಾಲೂ ಬಿದ್ದಿಲ್ಲಲ?”

“ಇಲ್ಲ. ಐತವಾರ ಬಿದ್ದದ.”

ಅವನು ಒಳಗೆ ಹೋಗಿ ಕರಣಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. “ನಡಿ, ನೋಡೋಣು” ಎಂದ. ಈ ಸಲ ಹೇಳಲು ನನ್ನ ಹತ್ತಿರ ನೆಪ ಉಳಿದಿರಲಿಲ್ಲ.

ಬಸ್ಸಿನಲ್ಲಿ ಅಪ್ಪ ಉತ್ಸಾಹದಲ್ಲೇ ಇದ್ದ. ಗಿಲಾವು ಬೀಳುವುದಕ್ಕೆ ಏನೇನು ಕಾರಣ ಇರಬಹುದು ಎಂದು ಹೇಳುತ್ತ ಬಂದ. ಕಮಲಾಪುರದಲ್ಲಿ ಇಳಿದ ಕೂಡಲೇ ಕೆಂಪು ಬಾಳೆಹಣ್ಣು ಕೊಂಡ. ಶಾಲೆಗೆ ಬರಿಗೈಯಲ್ಲಿ ಹೋಗಬಾರದಂತೆ. ಅಲ್ಲಿಯದೇ ಹಣ್ಣನ್ನು ಅಲ್ಲಿಯವರಿಗೇ ಒಯ್ಯುವುದು ಯಾವ ಶಾಣ್ಯಾತನ ಎಂದು ನಾನು ಚಾಷ್ಟಿ ಮಾಡಬೇಕೆನ್ನುವಷ್ಟರಲ್ಲಿ ಅವನು ಕೇಳಿದ.

“ಯಾವ ಕಡಿ?”

ನನಗೆ ಗೊತ್ತಿರಲಿಲ್ಲ. ನಾನು ಕಟ್ಟಿದ ಶಾಲೆ ಊರಿನ ಯಾವ ದಿಕ್ಕಿಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಂದು ಹೆಜ್ಜೆ ಬಲಕ್ಕೆ ಇಟ್ಟೆ, ನಿಂತೆ. ಹಣ್ಣಿನವಳನ್ನು ಕೇಳಿದೆ.

“ಸಾಲಿ ಎಲ್ಲದ ರೀ?”

“ಯಾವ ಸಾಲಿ ರೀ? ಇಲ್ಲಿ ಸಾಲಿ ರಗಡ ಅವ.”

“ಹ್ವಾದ ವರ್ಷ ಹೊಸ ಕೋಣಿ ಕಟ್ಟ್ಯಾರಲ್ಲ, ಅದು.”

ಅವಳು ಕೈ ಮಾಡಿ ತೋರಿಸಿದಳು. ತಿರುಗಿ ನೋಡಿದರೆ ಅಪ್ಪ ನನ್ನನ್ನೇ ನೋಡುತ್ತಿದ್ದ. ಅಲ್ಲಿಂದ ಶಾಲೆಯವರೆಗೆ ನನ್ನ ಹಿಂದೆ ನಾಲ್ಕು ಮಾರು ಬಿಟ್ಟು ನಡೆದುಬಂದ. ಸೊಂಟದ ನೋವಿಗೆ ಹಿಂದೆ ಬಿದ್ದಿದ್ದಾನೆ ಎಂದು ನಾನು ನಂಬಿಕೊಳ್ಳಲು ನೋಡಿದೆ.

ಕೋಣೆಯ ಗೋಡೆಯ ಮೇಲೆ ಕಾಮಗಾರಿಯ ಫಲಕ ಇತ್ತು. ಯೋಜನೆ, ಅಂದಾಜು ಮೊತ್ತ, ಗುತ್ತಿಗೆದಾರರು. ಅಲ್ಲಿ ನನ್ನ ಹೆಸರು, ತಂದೆಯ ಹೆಸರಿನ ಮೊದಲಕ್ಷರದ ಸಮೇತ, ನೀಲಿ ಬಣ್ಣದಲ್ಲಿ ದಪ್ಪಗೆ ಬರೆದಿತ್ತು. ಬಾಗಿಲಿಗೆ ಬೀಗ. ಆ ಕೋಣೆಯ ಮಕ್ಕಳು ಪಕ್ಕದ ವರಾಂಡದಲ್ಲಿ ಚಾಪೆಯ ಮೇಲೆ ಕೂತಿದ್ದರು.

ಮುಖ್ಯ ಶಿಕ್ಷಕಿ ನಡುವಯಸ್ಸಿನವರು, ಚುರುಕಾದ ಹೆಂಗಸು. “ಕಂಟ್ರಾಕ್ಟರ್ ಕಡಿಯವರೇನ್ರಿ?” ಎಂದರು.

“ನಾನೇ ರೀ ಕಂಟ್ರಾಕ್ಟರ್.”

ಅವರು ಒಮ್ಮೆ ಫಲಕ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಕೆಲಸ ನಡದಾಗ ಒಮ್ಮೀನೂ ನಿಮ್ಮನ್ನ ನೋಡಿಲ್ಲಲ್ರಿ” ಎಂದರು. ಅವರೇ ಮುಂದುವರಿಸಿದರು. “ನಮ್ಮ ಹುಡುಗೇರಿಗೆ ಈ ಬೋರ್ಡ್ ಓದಸ್ತಿದ್ದೆ ರೀ. ನೋಡ್ರೆವಾ, ಹೆಣ್ಮಗಳು ಕಟ್ಟ್ಯಾಳ, ನೀವೂ ಓದ್ರಿ ಅಂತ. ಗಿಲಾವು ಬಿದ್ದ ಮ್ಯಾಲ ಓದಸೋದು ಬಿಟ್ಟೀನಿ.”

ಅವರ ದನಿಯಲ್ಲಿ ಕುಹಕ ಇರಲಿಲ್ಲ.

ಬೀಗ ತೆಗೆಸಿ ಒಳಗೆ ಹೋದೆವು. ಛತ್ತಿನಲ್ಲಿ ಹಾಸಿಗೆಯಗಲದ ಗಾಯ. ಜಂಗು ಹಿಡಿದ ರಾಡುಗಳು ಹೊರಗೆ ಕಾಣುತ್ತಿದ್ದವು. ಅಪ್ಪ ಒಂದು ಬೆಂಚು ಎಳೆಸಿ, ಬೇಡ ಎಂದರೂ ಹತ್ತಿ, ಕರಣಿಯ ಹಿಡಿಕೆಯಿಂದ ಛತ್ತನ್ನು ತಟ್ಟುತ್ತ ಹೋದ. ಗಟ್ಟಿ ಇದ್ದ ಕಡೆ ಒಂದು ಸಪ್ಪಳ, ಪೊಳ್ಳಾದ ಕಡೆ ಒಂದು. ಅದರ ವ್ಯತ್ಯಾಸ ನನಗೂ ಕೇಳಿಸಿತು. ಇಳಿದು ಕೈ ಒರೆಸಿಕೊಂಡ.

“ರಾಡಿನ ಕೆಳಗ ಸಿಮೆಂಟಿನ ಕವರ್ ಬ್ಲಾಕ್ ಇಟ್ಟಿಲ್ಲ. ರಾಡು ಹಲಗಿ ಮ್ಯಾಲೇ ಮಲಗ್ಯಾವ. ಸ್ಲ್ಯಾಬ್ ಹಾಕಿದ ಮ್ಯಾಲ ದಿನಾ ನೀರೂ ಸರಿ ಹೊಡದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದ. “ಸ್ಲ್ಯಾಬ್ ಹಾಕಿದ ದಿನ ಬಿಸಲಿತ್ತೇನು, ಮೋಡ ಇತ್ತೇನು?”

ಅವನಿಗೆ ಉತ್ತರ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು, ಹನ್ನೆರಡನೆಯದು. “ನಾ ಇರಲಿಲ್ಲ ಅಪ್ಪಾ” ಎಂದೆ.

“ಬ್ಯಾರೆ ಯಾವದರಾಗರ ಇದ್ದಿ?”

“ಯಾವದರಾಗೂ ಇರಲಿಲ್ಲ.”

ಅವನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ. ಬಾಳೆಹಣ್ಣಿನ ಚೀಲ ಇನ್ನೂ ಅವನ ಕೈಯಲ್ಲೇ ಇತ್ತು. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಡ್ರಾಯರು, ದಾರ, ಬಾಡಿಗೆ, ಕಂಪ್ಯೂಟರು. ಅವನು ಬಯ್ಯಲಿಲ್ಲ. ಚೀಲವನ್ನು ಪಕ್ಕಕ್ಕಿಟ್ಟು ಹೇಳಿದ.

“ನಾ ಕಟ್ಟಿದ್ದು ಇಡೀ ಕಲಬುರಗಿ ತುಂಬ ಅದ. ಒಂದರ ಮ್ಯಾಲೂ ನನ್ನ ಹೆಸರ ಬರದಿಲ್ಲ. ನಾ ಒಮ್ಮೀನೂ ಕೇಳಿಲ್ಲ. ಈ ಬೋರ್ಡಿನ ಮ್ಯಾಲ ನಿನ್ನ ಹೆಸರ ಜೋಡಿ ನನ್ನ ಅಕ್ಷರನೂ ಅದ ಅಂತ ಮಂದಿಗಿ ಹೇಳ್ತಿದ್ದೆ. ಬಾಡಗಿಗಿ ಕೊಟ್ಟೀದಿ ಅಂತ ನನಗೇನ ಗೊತ್ತು?”

ನನಗೆ ಅಳು ಬಂತು. ವರಾಂಡದ ಮಕ್ಕಳು ನೋಡುತ್ತಿದ್ದರೆಂದು ತಡೆದುಕೊಂಡೆ.

ದಸರಾ ರಜೆಯಲ್ಲಿ ದುರಸ್ತಿ ಮಾಡಿದೆವು. ಅಪ್ಪನ ಹಳೆಯ ಜೊತೆಗಾರರಿಬ್ಬರು ಬಂದರು. ಪೊಳ್ಳಾದದ್ದನ್ನೆಲ್ಲ ಕೆಡವಿದೆವು. ರಾಡಿನ ಜಂಗನ್ನು ತಂತಿ ಬ್ರಶ್ಶಿನಿಂದ ತಿಕ್ಕಿ, ಔಷಧ ಬಳಿದು, ಜಾಳಿಗೆ ಬಿಗಿದು ಹೊಸ ಗಿಲಾವು ಮಾಡಿದೆವು. ಮಾಳಿಗೆಯ ಮೇಲೆ ನೀರು ನಿಲ್ಲದಂತೆ ಇಳಿಜಾರು ಕೊಟ್ಟೆವು. ಆ ಒಂದು ವಾರ ಕಾಲೇಜಿನಲ್ಲಿ ಓದಿದ್ದೆಲ್ಲ ನೆನಪಾಗುತ್ತಿತ್ತು, ಅದರಲ್ಲಿ ಅರ್ಧವನ್ನು ಅಪ್ಪ ಓದದೆಯೇ ಬಲ್ಲ ಎಂಬುದೂ ಗೊತ್ತಾಯಿತು. ಕೆಳಗೆ ಕುರ್ಚಿ ಹಾಕಿಕೊಂಡು ಕೂತು ನಮ್ಮನ್ನೆಲ್ಲ ಬಯ್ಯುತ್ತಿದ್ದ. ಕೆಲಸದ ಮಾತು ಬಿಟ್ಟು ನನ್ನ ಕೂಡ ಬೇರೆ ಮಾತಿಲ್ಲ.

ಶಾಲೆ ಶುರುವಾದ ದಿನ ಎಂಜಿನಿಯರ್ ಬಂದು ನೋಡಿ ಬರೆದುಕೊಂಡು ಹೋದರು. ನನ್ನ ಲೈಸೆನ್ಸು ಉಳಿಯಿತು. ಹೊರಡುವ ಹೊತ್ತಿಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಫಲಕದತ್ತ ಬೊಟ್ಟು ಮಾಡಿ ಮುಖ್ಯ ಶಿಕ್ಷಕಿಯನ್ನು ಕೇಳಿದಳು. “ಟೀಚರ್, ಬೋರ್ಡಿನ ಮ್ಯಾಲ ಇರೋರು ಇವರೇ ಏನ್ರಿ?”

ಅವರು ನನ್ನತ್ತ ನೋಡಿದರು. ಉತ್ತರ ನನಗೇ ಬಿಟ್ಟರು.

“ಹೆಸರ ನಂದು” ಎಂದೆ. “ಕೋಣಿ ಬ್ಯಾರೇರು ಕಟ್ಟ್ಯಾರ. ಈ ಛತ್ತಿನ ಗಿಲಾವು ನಾ ಮಾಡೀನಿ.”

ಹುಡುಗಿ ತಲೆಯೆತ್ತಿ ಛತ್ತು ನೋಡಿದಳು. ಅವಳಿಗೆ ಅಷ್ಟು ಸಾಕಾಯಿತು.

ಮರುವಾರ ಗಂಜಿಗೆ ಹೋಗಿ ನನ್ನ ಕೀಲಿ ಕೇಳಿದೆ. ಸಾವುಕಾರ್ರು ಡ್ರಾಯರು ಎಳೆದು ಹುಡುಕಿಕೊಟ್ಟರು. “ಒಯ್ಯಿ ತಂಗಿ. ಆದರ ಗೋಡಿ ಕಟ್ಟೋದು ಬ್ಯಾರೆ, ಗುತ್ತಿಗಿ ಹಿಡಿಯೋದು ಬ್ಯಾರೆ. ಸಾಕಾದ ದಿನ ತಂದಿಡು, ಡ್ರಾಯರ್ ಇಲ್ಲೇ ಇರ್ತದ” ಎಂದರು. ಹಸಿರು ದಾರ ಬಿಚ್ಚಿ ಅವರ ಮೇಜಿನ ಮೇಲೆ ಇಟ್ಟು ಬಂದೆ.

ಅವರ ಮಾತೂ ಸುಳ್ಳಾಗಲಿಲ್ಲ. ಮೀಸಲು ಕಾಮಗಾರಿಗಳಿಗೆ ಎರಡು ಸಲ ಹಾಕಿದೆ, ಎರಡೂ ಸಲ ಸೋತೆ. ಒಮ್ಮೆ ಗೆದ್ದದ್ದು ಕೆಂಪು ದಾರ, ಇನ್ನೊಮ್ಮೆ ಹಳದಿ. ನಮಗಾಗಿ ತೆಗೆದಿಟ್ಟ ಕೆಲಸ ನಮ್ಮವರ ಹೆಸರಿನಿಂದಲೇ ನಮ್ಮ ಕೈತಪ್ಪಿ ಹೋಗುವುದನ್ನು ಕಂಪ್ಯೂಟರಿನ ಮುಂದೆ ಕೂತು ನೋಡಿದೆ. ನಾನು ಡ್ರಾಯರಿನಲ್ಲಿದ್ದ ವರ್ಷಗಳಲ್ಲಿ ಹೀಗೆ ಎಷ್ಟು ಮಂದಿ ನನ್ನ ಹೆಸರು ನೋಡಿ ಶಪಿಸಿದ್ದರೋ. ಮೂರನೆಯದು ಸಿಕ್ಕಿತು. ಅದೇ ಕಮಲಾಪುರದ ಶಾಲೆಗೆ ಬಿಸಿಯೂಟದ ಅಡುಗೆಕೋಣೆ. ಬೇರೆ ಯಾರಿಗೂ ಬೇಡವಾಗುವಷ್ಟು ಸಣ್ಣ ಕೆಲಸ.

ಸ್ಲ್ಯಾಬಿನ ದಿನ ನಾನು ಬೆಳಿಗ್ಗೆ ಆರಕ್ಕೆ ಅಲ್ಲಿದ್ದೆ. ಮೋಡ ಇತ್ತು, ಈ ಸಲ ಅದು ನನಗೆ ಗೊತ್ತಿದೆ. ಕವರ್ ಬ್ಲಾಕುಗಳನ್ನು ನಾನೇ ಒಂದೊಂದಾಗಿ ರಾಡಿನ ಕೆಳಗೆ ತಳ್ಳಿದೆ. ಅಪ್ಪನಿಗೆ ಹಿಂದಿನ ದಿನವೇ ಹೇಳಿದ್ದೆ, ಊಟಕ್ಕೆ ಬಾ ಎಂದು. ಹೂಂ ಎಂದಿದ್ದನೇ ಹೊರತು ಬರುತ್ತೇನೆ ಎಂದಿರಲಿಲ್ಲ. ಕಮಲಾಪುರದಿಂದ ಬಂದಾಗಿನಿಂದ ಕಟ್ಟೆಯ ಮೇಲೆ ಅವನು ನನ್ನ ಮಾತು ಎತ್ತಿರಲಿಲ್ಲ. ಓಣಿಯವರೇ ಕೇಳಿದರೂ “ನಡದದ” ಎಂದು ಸುಮ್ಮನಾಗುತ್ತಿದ್ದ. ಹತ್ತು ಗಂಟೆಯ ಬಸ್ಸಿಗೆ ಬಂದ. ಕರಣಿ ತಂದಿದ್ದ. ಯಾರಿಗೂ ಹೇಳದೆ ಅಂಚಿನ ಕಾಂಕ್ರೀಟು ಸವರತೊಡಗಿದ.

ಕೊನೆಯ ಬುಟ್ಟಿ ಏರಿದಾಗ ಎರಡು ದಾಟಿತ್ತು. ಶಾಲೆಯ ಅಡುಗೆಯವರೇ ಹುಗ್ಗಿ ಮಾಡಿದ್ದರು. ವರಾಂಡದಲ್ಲಿ ಪತ್ರಾವಳಿ ಹಾಕಿದೆ. ಕೆಲಸದವರು ಕೈ ತೊಳೆದು ಸಾಲಾಗಿ ಕೂತರು. ಒಂದು ಜಾಗ ಅಪ್ಪನಿಗೆಂದು ಬಿಟ್ಟಿದ್ದೆ, ನಡುವೆ. ಅವನು ನಳದ ಹತ್ತಿರ ಕರಣಿ ತೊಳೆಯುತ್ತಿದ್ದ. ಸಕ್ಕರೆ ಕಾಯಿಲೆಯವನು, ಬೆಳಗಿನಿಂದ ಬರೀ ಚಹಾದ ಮೇಲಿದ್ದ.

“ಅಪ್ಪಾ, ಬಾ. ಮೊದಲ್ನೇ ಪಂಕ್ತಿ ಕೂತದ” ಎಂದೆ.

ಅವನು ಸಾಲನ್ನೊಮ್ಮೆ ನೋಡಿದ. ಕರಣಿಯನ್ನು ಟವೆಲಿನಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟ.

“ಅವರು ಉಣ್ಣಲಿ” ಎಂದ. “ನಾವು ಕಡೀಕ ಉಣ್ಣೋದು.”

ನನ್ನ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡು, ಸಾಲಿನ ಆ ತುದಿಯಿಂದ ಬಡಿಸುತ್ತ ಬಂದ.